ಐದನೇ ಕೋಣೆಯಲ್ಲಿ ಇಳಿದುಕೊಂಡಾಕೆ

೧೯೪೬ನೆಯ ಇಸವಿ ಫೆಬ್ರವರಿ ೧೨, ಮಂಗಳವಾರ. ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಯಾದಗಿರಿ ಠಾಣೆಗೆ ಇಬ್ಬರು ಬಂದರು. ಮುಂದೆ ಬಂದವನು ಕಲಬುರ್ಗಿಯ ಹಳೇ ಸಾಮಾನಿನ ವ್ಯಾಪಾರಿ ರಾಮಣ್ಣ. ಕಂಕುಳಲ್ಲಿ ಕಂಬಳಿ ಸುತ್ತಿದ ಒಂದು ಹಲಗೆಯಿತ್ತು. ಅವನ ಹಿಂದೆಯೇ ಮುಖ ಗಂಟಿಕ್ಕಿಕೊಂಡು ಬಂದವಳು ಸ್ಟೇಷನ್ ರಸ್ತೆಯ ವಸತಿಗೃಹದ ಒಡತಿ ಪಾರ್ವತಿಬಾಯಿ.

ಠಾಣೆಯ ಅಮೀನ ಬಾಷುಮಿಯಾ ಆಗಷ್ಟೇ ಚಹದ ಬಟ್ಟಲು ಕೆಳಗಿಟ್ಟಿದ್ದರು. ನಿಜಾಮ ಸರಕಾರದ ಪೊಲೀಸಿನಲ್ಲಿ ಠಾಣೆಯ ಇನ್ಸ್‌ಪೆಕ್ಟರನನ್ನು ಅಮೀನನೆಂದೇ ಕರೆಯುತ್ತಿದ್ದರು. ಐವತ್ತು ದಾಟಿದ ಬಾಷುಮಿಯಾ ಮಾತಿಗಿಂತ ಕಣ್ಣನ್ನು ಹೆಚ್ಚು ನಂಬುವ ಮನುಷ್ಯ.

"ಕಳುವಾಗ್ಯಾದರಿ," ಎಂದ ರಾಮಣ್ಣ.

"ಏನು?"

"ಸುರಪುರದ ಚಿತ್ರ. ಹಲಗೀ ಮ್ಯಾಗ ಬಂಗಾರದ ಕೆಲಸ ಮಾಡಿದ್ದು."

"ಕಂಕುಳಾಗ ಇರೋದೇನು?"

ರಾಮಣ್ಣ ಕಂಬಳಿ ಬಿಚ್ಚಿದ. ಸಿಂಹಾಸನದ ಮೇಲೆ ಕುಳಿತ ದೇವಿ, ಹಿಂದೆ ಕಮಾನು, ಎರಡು ಕಡೆ ನವಿಲು. ಒಡವೆಗಳೆಲ್ಲ ಉಬ್ಬು ಕೆಲಸ, ಅದರ ಮೇಲೆ ಚಿನ್ನದ ರೇಕು. ಬರೆಯುತ್ತಿದ್ದ ಪೊಲೀಸ್ ಜವಾನ ದ್ಯಾವಪ್ಪ ಲೇಖನಿ ಬಿಟ್ಟು ಎದ್ದು ಬಂದು ನಿಂತ.

"ಚಿತ್ರ ಇಲ್ಲೇ ಅದಲ್ಲರಿ!" ಎಂದಳು ಪಾರ್ವತಿಬಾಯಿ. "ಮುಂಜಾನಿಂದ ಇದನ್ನ ಹೇಳೇ ಸಾಕಾತು. ನಮ್ಮ ಮನಿಗೆ ಕೆಟ್ಟ ಹೆಸರು ತರಾಕತ್ತಾನ."

"ಇದು ಅದಲ್ಲ," ಎಂದ ರಾಮಣ್ಣ. "ಮೂಸಿ ನೋಡ್ರಿ ಸಾಹೇಬ್ರ."

ಬಾಷುಮಿಯಾ ಬಗ್ಗಿ ಮೂಸಿದರು. ಹಸಿ ಅಂಟಿನ ವಾಸನೆ. ನಿನ್ನೆ ಸುರಪುರದಲ್ಲಿ ಕೈಗೆ ಬಂದ ಚಿತ್ರ ವರ್ಷಗಟ್ಟಲೆ ದೀಪದ ಮುಂದೆ ಇದ್ದದ್ದು, ಲೋಬಾನದ ಧೂಪ ಮತ್ತು ಎಣ್ಣೆಯ ವಾಸನೆ ಅದರ ಮರದೊಳಗೆ ಇಳಿದಿತ್ತು ಎಂದ ರಾಮಣ್ಣ. ಒಂಬತ್ತರ ರೈಲಿಗೆ ಹೊರಡುವ ಮೊದಲು ಹತ್ತಿ ಸುತ್ತೋಣವೆಂದು ಆರು ಗಂಟೆಗೆ ಬಿಚ್ಚಿದರೆ ಈ ಹೊಸದು. ಕಂಬಳಿ ಅದೇ, ಹಗ್ಗ ಅದೇ, ಗಂಟು ಕೂಡ ಅವನು ಹಾಕಿದಂಥದೇ.

ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಬಾಷುಮಿಯಾ ಇಂಥ ಫಿರ್ಯಾದು ಕೇಳಿರಲಿಲ್ಲ. ಕಳ್ಳ ಒಯ್ಯುತ್ತಾನೆ. ಒಯ್ದ ಜಾಗದಲ್ಲಿ ತಿಂಗಳುಗಟ್ಟಲೆ ಕೂತು ಮಾಡಿದ ವಸ್ತು ಇಟ್ಟು ಹೋಗುವುದಿಲ್ಲ.

"ಎಫ್‌ಐಆರ್ ಬರಿ," ಎಂದರು ದ್ಯಾವಪ್ಪನಿಗೆ.

ಎಂಟು ಗಂಟೆ ಹತ್ತಕ್ಕೆ ಮೂವರೂ ಪಾರ್ವತಿಬಾಯಿಯ ಜೊತೆ ವಸತಿಗೃಹಕ್ಕೆ ಬಂದರು. ಸಾಹುಕಾರರ ಬಂಗಲೆಯೂ ಅಲ್ಲದ, ಬಿಟ್ಟಿ ಧರ್ಮಶಾಲೆಯೂ ಅಲ್ಲದ, ನಡುಮಟ್ಟದ ಜಾಗ ಅದು. ಹತ್ತು ಕೋಣೆ, ಅಂಗಳದಲ್ಲಿ ಬಾವಿ, ಹಿಂದೆ ಊಟದ ಪಡಸಾಲೆ. ಹೊರಗಿನ ಗಿರಾಕಿಗಳೂ ಅಲ್ಲಿ ಊಟಕ್ಕೆ ಬರುತ್ತಿದ್ದರು, ಪಾರ್ವತಿಬಾಯಿಯ ಜೋಳದ ರೊಟ್ಟಿ ಅಷ್ಟು ತೆಳು. ನೆಲಕ್ಕೆ ಅದೇ ಬೆಳಿಗ್ಗೆ ಸಗಣಿ ಸಾರಿಸಿತ್ತು. ಮಡಿಚಿಟ್ಟ ಹಾಸಿಗೆಗಳ ಅಂಚುಗಳು ಒಂದಕ್ಕೊಂದು ಕೂಡಿದ್ದವು. ಒಬ್ಬ ಹೆಂಗಸು ಇಷ್ಟನ್ನು ಒಂಟಿಯಾಗಿ ನಡೆಸುವುದನ್ನು ಕಂಡು ಬಾಷುಮಿಯಾರಿಗೆ ತಮ್ಮ ಠಾಣೆಯ ಧೂಳು ನೆನಪಾಯಿತು.

ನಾಲ್ಕನೇ ಕೋಣೆ ರಾಮಣ್ಣನದು. ಪಂಚರ ಎದುರಿಗೆ ಪಂಚನಾಮೆ ನಡೆಯಿತು. ಬೀಗ ಮುರಿದಿಲ್ಲ, ಕಿಟಕಿಗೆ ಸರಳುಗಳಿವೆ. ಚಿತ್ರ ಮಂಚದ ಕೆಳಗೆ ಇತ್ತು.

"ಕೋಣಿ ಬಿಟ್ಟು ಯಾವಾಗ ಹೋಗಿದ್ದಿ?"

"ಸಂಜೀ ಏಳೂವರೆಗೆ ಊಟಕ್ಕ ಹೋಗಿದ್ನಿರಿ. ಬೀಗ ಹಾಕಿದ್ನಿ. ಎಂಟೂಕಾಲಿಗೆ ಬಂದ್ನಿ."

"ಊಟಕ್ಕ ಯಾರು ಬರಲಿಲ್ಲ?"

ಪಾರ್ವತಿಬಾಯಿ ಯೋಚಿಸಲೇ ಇಲ್ಲ. "ಐದನೇ ಕೋಣಿಯಾಕಿ. ಹೊಟ್ಟಿ ಸರಿ ಇಲ್ಲ ಅಂದಳ್ರಿ. ಮುಂಜಾನಿ ಐದೂವರೆ ಬಸ್ಸಿಗೆ ಹೋಗ್ಯಾಳ."

ಬಾಷುಮಿಯಾ ಐದನೇ ಕೋಣೆಯ ಬೀಗದ ಕೈ ತರಿಸಿ ನಾಲ್ಕನೆಯದರ ಬೀಗಕ್ಕೆ ಹಾಕಿ ತಿರುಗಿಸಿದರು. ಬೀಗ ತೆರೆಯಿತು. ಪಾರ್ವತಿಬಾಯಿಯ ಮುಖ ಬಿಳಿಚಿತು. ಹತ್ತೂ ಬೀಗಗಳನ್ನು ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡಿದ್ದಳು.

"ಇವತ್ತೇ ಬದಲಿ ಮಾಡ್ತೀನ್ರಿ," ಎಂದಳು. ತಪ್ಪು ತನ್ನದಲ್ಲ ಎಂದು ಒಂದು ಮಾತೂ ಆಡಲಿಲ್ಲ. ಬಾಷುಮಿಯಾರಿಗೆ ಅದೂ ಹಿಡಿಸಿತು.

ಐದನೇ ಕೋಣೆ ಚೊಕ್ಕಟವಾಗಿತ್ತು. ಗೂಟಕ್ಕೆ ಹಾಕಿದ್ದ ಕೈವಸ್ತ್ರವನ್ನು ದ್ಯಾವಪ್ಪ ಬೆಳಕಿಗೆ ಹಿಡಿದ. ಎರಡು ಮೂರು ಕಡೆ ಮಿಣುಕು ಮಿಣುಕು ಚಿನ್ನದ ಪುಡಿ.

ಗಿರಾಕಿಗಳ ಪುಸ್ತಕ ತರಿಸಿದರು. ಸೋಮವಾರದ ಕೊನೆಯ ಸಾಲು: ಚಂದಮ್ಮ, ಮಾಸ್ತರಬಾಯಿ, ಶಹಾಪುರ. ಮೇಲಿನವರೆಲ್ಲ ಅದೇ ಹಳೇ ನಿಬ್ಬಿನಿಂದ ಕಾಗದ ಕೆರೆದಿದ್ದರು. ಇವಳ ಅಕ್ಷರ ಮಾತ್ರ ದಪ್ಪವಾಗಿ ಹುಟ್ಟಿ, ತಿರುವಿನಲ್ಲಿ ಸಣ್ಣಗಾಗಿ, ಕೂದಲಿನಷ್ಟು ತೆಳುವಾಗಿ ಮುಗಿದಿತ್ತು. ಬಾಷುಮಿಯಾರ ತಂದೆ ಕಲಬುರ್ಗಿಯಲ್ಲಿ ಗ್ರಂಥಗಳನ್ನು ನಕಲು ಮಾಡುವ ಕಾತಿಬರಾಗಿದ್ದರು. ಮಗನಿಗೆ ಆ ವಿದ್ಯೆ ಹತ್ತಲಿಲ್ಲ, ಕಣ್ಣು ಮಾತ್ರ ಬಂದಿತ್ತು.

"ದ್ಯಾವಪ್ಪ, ಇದು ಸಾಲ್ಯಾಗ ಹಲಗೀಗೆ ಬರಿಯೋ ಖಡು ಹಿಡಿಯೋ ಕೈ ಅಲ್ಲ. ಕುಂಚ ಹಿಡಿಯೋ ಕೈ."

ರಾಮಣ್ಣನನ್ನು ಕರೆದು ಕೇಳಿದರು. "ಚಿತ್ರ ಕೊಟ್ಟವರು ಯಾರು?"

"ಪಂಪಣ್ಣ ಅಂತರಿ. ಸುರಪುರದಾಗ ಹಿತ್ತಾಳಿ ಭಾಂಡೆ ಅಂಗಡಿ ಇಟ್ಟಾನ. ಅವರಪ್ಪ ಸೂಗಪ್ಪ ದೊಡ್ಡ ಚಿತ್ರಗಾರ. ದೀಪಾವಳಿಗೇ ಮಾತಾಗಿತ್ತು, ನಿನ್ನೆ ಒಯ್ದೆ."

"ಮುದುಕ ಹೂಂ ಅಂದನೇನು?"

"ಅವರನ್ನ ನೋಡಲಿಲ್ಲರಿ. ಮಗ ಕೊಟ್ಟ, ನಾ ತಗೊಂಡೆ."

"ಇಲ್ಲಿ ಉಳಿತೀನಿ ಅಂತ ಪಂಪಣ್ಣಗ ಹೇಳಿದ್ದೇನು?"

"ಹೇಳಿದ್ನಿರಿ."

ಹತ್ತೂಕಾಲಿನ ಬಸ್ಸಿಗೆ ಅಮೀನರೂ ದ್ಯಾವಪ್ಪನೂ ಹೊರಟರು. ಭೀಮಾ ಹೊಳೆಯಲ್ಲಿ ನೀರು ಇಳಿದು ಮರಳು ಕಾಣುತ್ತಿತ್ತು. ಹೊಳೆಸಾಲಿನಲ್ಲೇ ಹುಟ್ಟಿ ಬೆಳೆದ ದ್ಯಾವಪ್ಪ ಬಲೆ ಒಣಹಾಕಿದವರನ್ನೆಲ್ಲ ಹೆಸರು ಹಿಡಿದು ಕೂಗಿ ಮಾತಾಡಿಸಿದ. ಹನ್ನೆರಡಕ್ಕೆ ಶಹಾಪುರ. ಅಲ್ಲಿನ ಹೆಣ್ಣುಮಕ್ಕಳ ಸಾಲೆಯಲ್ಲಿ ಚಂದಮ್ಮ ಎನ್ನುವವರು ಯಾರೂ ಇರಲಿಲ್ಲ. ಬಸ್ ನಿಲ್ದಾಣದಲ್ಲಿ ಬೆಳಗಿನ ಬಸ್ಸಿನ ಕಂಡಕ್ಟರ್ ಮೌನಪ್ಪ ಸಿಕ್ಕ.

"ಹೌದ್ರಿ, ಒಬ್ಬಾಕಿ ಇದ್ದಳು. ತೊಡೀ ಮ್ಯಾಗ ಸೀರಿ ಸುತ್ತಿದ ಹಲಗಿ. ಮ್ಯಾಲಿಡು ತಂಗೀ ಅಂದ್ನಿ, ಒಲ್ಲೆ ಅಂದಳು. ಸುರಪುರದ ತನಕ ಕೂಸು ಹಿಡದಂಗ ಹಿಡಕೊಂಡು ಕೂತಿದ್ದಳ್ರಿ."

ಸುರಪುರ ತಲುಪಿದಾಗ ಎರಡು ಗಂಟೆ. ಪಂಪಣ್ಣ ಅಂಗಡಿಯಲ್ಲೇ ಸಿಕ್ಕ. ಅಮೀನರನ್ನು ಕಂಡು ಕೈಲಿದ್ದ ತಂಬಿಗೆ ಬಿಟ್ಟ.

"ಮನ್ಯಾಗ ಕುಂಚ ಹಿಡಿಯೋರು ಯಾರದಾರ?"

"ಯಾರಿಲ್ರಿ. ಅಪ್ಪನ ಕಣ್ಣು ಹೋಗಿ ಹನ್ನೊಂದು ವರ್ಷ ಆತು."

"ಹನ್ನೊಂದು ವರ್ಷದಾಗ ನಿಮ್ಮ ಮನಿಯಿಂದ ಒಂದೂ ಚಿತ್ರ ಹೋಗಿಲ್ಲೇನು?"

ಪಂಪಣ್ಣ ಬಿದ್ದ ತಂಬಿಗೆ ಎತ್ತಿಟ್ಟ. "ತಂಗಿ ಮಲ್ಲಿಕಮ್ಮ ಬಣ್ಣ ಅರೀತಾಳ," ಎಂದ.

ಮನೆ ಗುಡ್ಡದ ಬುಡದಲ್ಲಿತ್ತು. ಬಾಗಿಲು ತೆರೆದೇ ಇತ್ತು. ಪಡಸಾಲೆಯಲ್ಲಿ ಚಾಪೆಯ ಮೇಲೆ ಮುದುಕ ಸೂಗಪ್ಪ ಕುಳಿತಿದ್ದ. ತೊಡೆಯ ಮೇಲೆ ಚಿತ್ರ. ಬೆರಳುಗಳು ದೇವಿಯ ಕಿರೀಟದಿಂದ ಇಳಿದು, ಕೊರಳ ಸರ ದಾಟಿ, ಸಿಂಹಾಸನದ ಕಾಲಿನ ಬಳಿ ಬಂದು ನಿಂತವು. ಅಲ್ಲಿಂದ ಮುಂದೆ ಹೋಗಲಿಲ್ಲ. ಬಾಷುಮಿಯಾ ಹೊಸ್ತಿಲಲ್ಲೇ ನಿಂತುಬಿಟ್ಟರು. ದ್ಯಾವಪ್ಪನೂ ನಿಂತ.

ಒಳಗಿನಿಂದ ಮೂವತ್ತರ ಆಸುಪಾಸಿನ ಹೆಂಗಸು ಬಂದಳು. ಖಾಕಿ ಬಟ್ಟೆ ನೋಡಿದಳು, ಓಡಲಿಲ್ಲ.

"ಹೆಸರು?"

"ಮಲ್ಲಿಕಮ್ಮ."

"ನಿನ್ನೆ ಚಂದಮ್ಮ ಅಂತ ಬರಸಿದ್ದಿ."

"ಹೌದ್ರಿ."

"ಆ ಚಿತ್ರ ತಂದಾಕಿ ನೀನೇ ಏನು?"

"ನಾನೇ. ಒಂದು ತಗೊಂಡೆ, ಒಂದು ಇಟ್ಟೆ. ನಾ ಇಟ್ಟದ್ದರಾಗ ಏನರ ಕಮ್ಮಿ ಇತ್ತೇನ್ರಿ?"

ಬಾಷುಮಿಯಾ ಸುಳ್ಳು ಹೇಳಲಿಲ್ಲ. "ವಾಸನಿ ಒಂದು ಬಿಟ್ಟು ಏನೂ ಕಮ್ಮಿ ಇರಲಿಲ್ಲ."

ಆಕೆ ಜಬಾನಿ ಹೇಳಿಕೆ ಕೊಟ್ಟಳು, ದ್ಯಾವಪ್ಪ ಬರೆದುಕೊಂಡ. ಅಣ್ಣ ಚಿತ್ರ ಮಾರುವ ಮಾತು ಮುಗಿಸಿದ್ದು ದೀಪಾವಳಿಗೆ ತಿಳಿಯಿತು. ಬೇಡವೆಂದಳು, ಅಣ್ಣ ಕೇಳಲಿಲ್ಲ. ಅಂದಿನಿಂದ ಕದ್ದುಮುಚ್ಚಿ ಅದರ ಪಡಿಯಚ್ಚು ಬರೆದಳು. ಹದಿನೈದು ದಿನದ ಹಿಂದೆ ಅಣ್ಣ ಮೂಲಚಿತ್ರವನ್ನು ಅಂಗಡಿಗೆ ಒಯ್ದು ಕೀಲಿ ಹಾಕಿದ. ಈಕೆ ತಾನು ಬರೆದದ್ದನ್ನು ತಂದೆಯ ತೊಡೆಯ ಮೇಲಿಟ್ಟಳು. ಮುದುಕ ಬೆರಳಾಡಿಸಿ, "ಇದು ಅಲ್ಲ," ಎಂದು ಕೆಳಗಿಟ್ಟ. ಮಾರನೆಯ ದಿನದಿಂದ ಎರಡು ತುತ್ತಿಗಿಂತ ಹೆಚ್ಚು ಉಣ್ಣಲಿಲ್ಲ. ರಾಮಣ್ಣ ಇಳಿಯುವ ಜಾಗ ಅಣ್ಣನ ಬಾಯಿಂದ ತಿಳಿದು ಹಿಂದೆಯೇ ಹೋಗಿ ಪಕ್ಕದ ಕೋಣೆ ಹಿಡಿದಳು, ಅವನು ಊಟಕ್ಕೆ ಹೋದಾಗ ತನ್ನ ಬೀಗದ ಕೈಯನ್ನೇ ಹಾಕಿ ನೋಡಿ, ಬೀಗ ತೆರೆದದ್ದೇ ಚಿತ್ರ ಬದಲಿಸಿದಳು.

"ಅದರಾಗ ಏನದ ಅಂಥಾದ್ದು?" ಎಂದು ಕೇಳಿದ ದ್ಯಾವಪ್ಪ. ಅದು ಅವನು ಕೇಳಬೇಕಾದ ಪ್ರಶ್ನೆಯಾಗಿರಲಿಲ್ಲ. ಅಮೀನರು ತಡೆಯಲಿಲ್ಲ.

ಉತ್ತರ ಕೊಟ್ಟದ್ದು ಸೂಗಪ್ಪ. "ನನ್ನ ಕಣ್ಣಿದ್ದಾಗ ಮಾಡಿದ ಕಡೀ ಚಿತ್ರ. ಉಬ್ಬಿನ ಹಸಿ ಅಂಟು ಕಲಸಿದಾಕಿ ನನ್ನ ಹೇಣತಿ ಅಯ್ಯಮ್ಮ. ಸಿಂಹಾಸನದ ಕಾಲಾಗ ಅಂಟು ಹೆಚ್ಚಾತು ಅಂತ ಹೆಬ್ಬಟ್ಟಿಲೆ ಒತ್ತಿದಳು. ಅಳಸಲಿಲ್ಲ ನಾ. ಅದರ ಮ್ಯಾಲೇ ಬಂಗಾರ ಹಚ್ಚಿದೆ. ಆರು ತಿಂಗಳಿಗೆ ಆಕಿ ಹೋದಳು." ಮುದುಕ ಒಂದು ಬೆರಳೆತ್ತಿ ತೋರಿಸಿದ. "ಇಲ್ಲಿ ಅದಾಳ."

ಬಾಷುಮಿಯಾ ಮೊಣಕಾಲೂರಿ ಕುಳಿತು ನೋಡಿದರು. ಚಿನ್ನದ ಕೆಳಗೆ ಒಂದು ಸಣ್ಣ ತಗ್ಗು, ಅದರಲ್ಲಿ ಕೂದಲೆಳೆಯಂಥ ಗೆರೆಗಳು. ಯಾದಗಿರಿಯಲ್ಲಿ ಬಿಟ್ಟುಬಂದ ಹಲಗೆಯಲ್ಲೂ ಅದೇ ಜಾಗದಲ್ಲಿ ಅಂಥದೇ ತಗ್ಗು ಕಂಡ ನೆನಪು ಅವರಿಗಿತ್ತು.

"ಈ ಚಿತ್ರ ಮಾರಾಕ ನೀವು ಹೂಂ ಅಂದಿದ್ರೇನು, ಯಜಮಾನ್ರ?"

"ಯಾರು ಕೇಳಿದರು ನನ್ನ?"

"ಇದನ್ನೂ ಬರಕೋ ದ್ಯಾವಪ್ಪ. ಒಂದಕ್ಷರ ಬಿಡಬ್ಯಾಡ."

ಆದರೂ ಬೀಗ ತೆರೆದು ಪರರ ಕೋಣೆ ಹೊಕ್ಕದ್ದು ಗುನ್ಹೆ. ಚಿತ್ರವನ್ನು ಜಪ್ತಿ ಮಾಡಲೇಬೇಕಿತ್ತು. ನಾಲ್ಕು ಗಂಟೆ ನಲವತ್ತಕ್ಕೆ ಪಂಚರ ಎದುರು ಮಲ್ಲಿಕಮ್ಮನನ್ನು ದಸ್ತಗಿರಿ ಮಾಡಲಾಯಿತು. ಕಾಗದಕ್ಕೆ ಸಹಿಯ ಜೊತೆ ಹೆಬ್ಬೆಟ್ಟೂ ಬೇಕು. ದ್ಯಾವಪ್ಪ ಅವಳ ಬಲ ಹೆಬ್ಬೆರಳಿಗೆ ಮಸಿ ಹಚ್ಚಿ ಒತ್ತಿಸಿದ.

"ಏನ್ ಮಾಡಾಕತ್ತೀರಿ?" ಎಂದ ಸೂಗಪ್ಪ.

"ಹೆಬ್ಬಟ್ಟು ತಗೊಳ್ಳಾಕತ್ತೀವ್ರಿ."

"ಆ ಕೈ ಇಲ್ಲಿ ಕೊಡು, ಮಲ್ಲಿ."

ಆಕೆ ಹತ್ತಿರ ಹೋಗಿ ಕುಳಿತಳು. ಮುದುಕ ಮಗಳ ಮಸಿಹತ್ತಿದ ಹೆಬ್ಬೆರಳನ್ನು ತನ್ನ ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ತಿಕ್ಕಿದ.

"ಆ ಹಲಗೀ ಮ್ಯಾಗ ಒತ್ತಿದ್ದು ಇದೇ ಬಟ್ಟು ಅಲ್ಲೇನು?"

"ಹೌದಪ್ಪ."

"ಮುಟ್ಟಿದ ಕೂಡಲೇ ತಿಳೀತು, ನಿಂದು ಅಂತ. ಇದು ಅಲ್ಲ ಅಂದು ಕೆಳಗಿಟ್ಟೆ. ಕಿರೀಟ, ಸರ, ನವಿಲು, ಎಲ್ಲಾ ನನಗಿಂತ ಚೊಲೋ ಮಾಡಿದ್ದಿ. ಅದನ್ನ ಹೇಳಬೇಕಿತ್ತು ನಾ. ಹನ್ನೊಂದು ವರ್ಷದಿಂದ ಹೇಳಬೇಕಿತ್ತು."

ಅಷ್ಟು ಹೊತ್ತು ಗಟ್ಟಿಯಾಗಿದ್ದ ಮಲ್ಲಿಕಮ್ಮ ಮುಖ ಮುಚ್ಚಿಕೊಂಡಳು. ಮಸಿ ಕೆನ್ನೆಗೆ ಹತ್ತಿತು. ಬಾಷುಮಿಯಾ ಎದ್ದು ಹೊರಗೆ ಹೋಗಿ ಬೀದಿಯ ಕಡೆ ಮುಖ ಮಾಡಿ ನಿಂತರು. ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ದ್ಯಾವಪ್ಪ ಕಾಗದಗಳನ್ನು ಬೇಕೆಂದೇ ನಿಧಾನವಾಗಿ ಜೋಡಿಸಿದ.

ಎರಡು ವಾರಕ್ಕೆ ಮೊಕದ್ದಮೆ ಮುಗಿಯಿತು. ಮುದುಕನ ಹೇಳಿಕೆಯ ಮೇಲೆ ಆ ಮಾರಾಟ ರದ್ದಾಯಿತು, ಚಿತ್ರ ಸುರಪುರಕ್ಕೆ ಮರಳಿತು. ರಾಮಣ್ಣ ರಾಜಿಗೆ ಒಪ್ಪಿದ. ಪಂಪಣ್ಣ ತನಗೆ ಮರಳಿಸಬೇಕಾದ ಹಣವನ್ನು ಕೊಟ್ಟರೆ ಸಾಕು ಎಂದವನು, ಹೊಸ ಹಲಗೆಯನ್ನು ಮಾತ್ರ ತಾನು ಬಿಡುವುದಿಲ್ಲವೆಂದೂ, ಅದರ ಕೆಳಗೆ ಬರೆದಾಕೆಯ ಹೆಸರು ಬೇಕೆಂದೂ ಹಟ ಹಿಡಿದ. ಮಲ್ಲಿಕಮ್ಮನಿಗೆ ಕೋರ್ಟಿನ ಕಲಾಪ ಮುಗಿದು ಕಚೇರಿ ಏಳುವ ತನಕ ಅಲ್ಲೇ ಕೂರುವ ಶಿಕ್ಷೆಯಾಯಿತು. ಆ ದಿನ ಆಕೆಗೆ ಊಟದ ಗಂಟು ಕಳಿಸಿದವಳು ಪಾರ್ವತಿಬಾಯಿ.

ಬಾಷುಮಿಯಾ ಕೇಸ್ ಡೈರಿಯನ್ನು ಉರ್ದುವಿನಲ್ಲಿ ಬರೆಯುತ್ತಿದ್ದರು. ಆರೋಪಿಗೆ ಆದ ಲಾಭ ಎಂಬ ಕಾಲಮಿನಲ್ಲಿ 'ಏನೂ ಇಲ್ಲ' ಎಂದು ಬರೆದರು. ಉದ್ದೇಶ ಎಂಬಲ್ಲಿ ಬರೆದರು: ತಾಯಿಯ ಬೆರಳಿನ ಗುರುತನ್ನು ಕಣ್ಣಿಲ್ಲದ ತಂದೆಯ ಕೈಗೆ ತಲುಪಿಸುವುದು.