ಬಸ್ಸಮ್ಮನ ಮೂಗುತಿ, ಯಂಕಮ್ಮನ ಅಚ್ಚು

"ನಮ್ಮವ್ವನ ಮೂಗುತಿ ಸಿಗಲಿಲ್ಲಂದ್ರ ಸಂಜಿಗೆ ಠಾಣೆಕ್ಕ ಹೋಗಾಕಿ ನಾನು!" ಸಾಲಗುಂದದ ಬಸ್ಸಮ್ಮ ರೆಜಿನ್ ಬಿಲ್ಲೆಯೊಂದನ್ನು ಸೂಗಮ್ಮ ಅಕ್ಕೋರ ಮುಂದೆ ಕುಕ್ಕಿದಳು.

ಸಿಂಧನೂರಿನಲ್ಲಿ ಏನು ಕಳುವಾದರೂ ಜನ ಮೊದಲು ಬರುತ್ತಿದ್ದುದು ಈ ನಿವೃತ್ತ ಟೀಚರ್ ಹತ್ತಿರ. ಆಕೆಯ ನೆರಳಿನಂತಿದ್ದ ಆಟೋದ ಮಕ್ತುಮ್‌ಸಾಬ್ ಬಿಲ್ಲೆಯನ್ನು ಬೆಳಕಿಗೆ ಹಿಡಿದ. ಒಳಗೆ ಕೆಂಪು ಹರಳಿನ ಮೂಗುತಿ. ಅಂಚಿಗೆಲ್ಲ ಗಾಳಿಗುಳ್ಳೆ, ಮಜ್ಜಿಗೆಯಂಥ ಮಬ್ಬು. ನಡುವೆ ಮಾತ್ರ ತಿಳಿ.

"ಅವ್ವನ ಮೂಗುತಿಗೆ ಹರಳು ಹಿಡಿಯೋ ಒಂದು ಹಲ್ಲು ಸೊಟ್ಟಿತ್ರೀ. ಇದಕ್ಕ ಎಲ್ಲಾ ನೆಟ್ಟಗದಾವ. ಯಂಕಮ್ಮನೇ ಬದಲಿ ಮಾಡ್ಯಾಳ."

ಯಂಕಮ್ಮ ಮನೆಯಲ್ಲೇ ಸಿಲಿಕೋನ್ ರಬ್ಬರಿನ ಅಚ್ಚಿಗೆ ಗಾಜಿನಂತೆ ಗಟ್ಟಿಯಾಗುವ ರೆಜಿನ್ ದ್ರವ ಹೊಯ್ದು, ಜನ ಕೊಟ್ಟ ಒಡವೆಯನ್ನು ಒಳಗೆ ಹುದುಗಿಸಿ ನೆನಪಿನ ಬಿಲ್ಲೆ ಮಾಡುತ್ತಿದ್ದಳು. ಕಳ್ಳಿ ಎಂಬ ಹೆಸರು ಬಂದರೆ ಯಾರು ತಾನೇ ಆಕೆಯ ಕೈಗೆ ಒಡವೆ ಕೊಟ್ಟಾರು? ಬಿಲ್ಲೆ ಎರಕವಾದ ಮೇಲೆ ಎರಡು ದಿನ ಆಕೆ ಲಿಂಗಸುಗೂರಿಗೆ ಹೋಗಿದ್ದಳು. ಅದನ್ನು ಕಾಗದದಲ್ಲಿ ಸುತ್ತಿ ಬಸ್ಸಮ್ಮನಿಗೆ ಕೊಟ್ಟವನು ಯಂಕಮ್ಮನ ಮೈದುನ ಗಾಳೆಪ್ಪ. ಮಸ್ಕಿಯಲ್ಲಿ ಪ್ಲಾಸ್ಟರ್ ಗಣಪ ಮಾಡುವ ಆಕೆಯ ಅಣ್ಣ ಗಿಡ್ಡಪ್ಪನೂ ಆಗ ಆಕೆಯ ಮನೆಯಲ್ಲೇ ಉಳಿದಿದ್ದ.

ಯಂಕಮ್ಮನ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಗಾಳೆಪ್ಪ ನೆಲ ನೋಡುತ್ತಾ ಕೂತಿದ್ದ. ಕಳ್ಳ ಇವನೇ ಎಂದು ಮಕ್ತುಮ್‌ಸಾಬ್ ಮನಸ್ಸಿನಲ್ಲೇ ಬೇಡಿ ಹಾಕಿಬಿಟ್ಟ. ಸೂಗಮ್ಮ ಮಾತ್ರ ಬಿಲ್ಲೆ ಹೊಯ್ದ ಅಚ್ಚನ್ನು ಮೂಸಿ ನೋಡಿ ಕೆಳಗಿಟ್ಟಳು.

"ಗುಳ್ಳಿ ಬರದಂಗ ಹೆಂಗ ಮಾಡ್ತೀಯವ್ವಾ?"

"ರೆಜಿನ್ ಡಬ್ಬಿ ಬಿಸಿನೀರಾಗ ಇಟ್ಟು ತೆಳ್ಳಗ ಮಾಡ್ತೀನ್ರೀ. ಸಾವಕಾಶ ಕಲಸಿ, ಸಣ್ಣ ಧಾರಿಲೆ ಹೊಯ್ತೀನಿ. ಅಚ್ಚು ಮೊದಲ ಬಿಸಿಲಾಗ ಒಣಗಿರಬೇಕು. ಒಂದು ಹನಿ ನೀರಿದ್ರೂ ಕೆಡ್ತೈತಿ." ಯಂಕಮ್ಮ ಬಿಸಿಲಿಗಿಟ್ಟ ಅಚ್ಚುಗಳತ್ತ ಕೈ ತೋರಿಸಿದಳು.

"ನಿನ್ನ ಗಣಪ್ಪಗ ಗುಳ್ಳಿ ಬರಂಗಿಲ್ಲೇನೋ ಗಿಡ್ಡಪ್ಪಾ?"

ಗಿಡ್ಡಪ್ಪ ಎದೆಯುಬ್ಬಿಸಿದ. "ಬರಂಗಿಲ್ರೀ ಅಕ್ಕೋರ! ಅಚ್ಚಿಗೆ ಬಟ್ಟಿ ಒಗಿಯೋ ಸಬಕಾರದ ನೀರು ಸವರದ ನಾ ಪ್ಲಾಸ್ಟರ್ ಮುಟ್ಟಂಗಿಲ್ಲ."

"ಅದೇ ನಿನ್ನ ಹಿಡಿದು ಕೊಟ್ಟಿತು. ಈ ಬಿಲ್ಲಿ ಯಂಕಮ್ಮ ಊರಾಗ ಇಲ್ಲದಾಗ ಬ್ಯಾರೆ ಮೂಗುತಿ ಇಟ್ಟು ಹೊಯ್ದದ್ದು. ಕಲಸೋದು ಕೆಟ್ಟಿದ್ರ ಗುಳ್ಳಿ ನಡುವೂ ಇರ್ತಿದ್ದವು. ಇವು ಅಂಚಿಗಷ್ಟೇ ಅದಾವ, ಅಂದ್ರ ಅಚ್ಚು ಹಸಿ ಇತ್ತು. ಯಂಕಮ್ಮ ಹಸಿ ಅಚ್ಚು ಮುಟ್ಟಾಕಿ ಅಲ್ಲ. ಗಾಳೆಪ್ಪ ಆಗಿದ್ರ ಒಣಗಿದ ಅಚ್ಚಿಗೇ ಹೊಯ್ತಿದ್ದ, ತೋಯಿಸೋದು ಅವನ ತಲ್ಯಾಗ ಬರಂಗಿಲ್ಲ. ಗುಳ್ಳಿ ಬರಬಾರದು ಅಂತ ಸವರಿದ್ದು ಪ್ಲಾಸ್ಟರ್ ರೂಢಿಯ ಕೈ. ಅಚ್ಚು ಇನ್ನೂ ಸಬಕಾರ ನಾರ್ತೈತಿ."

ಗಿಡ್ಡಪ್ಪ ಬಾಗಿಲ ಕಡೆ ಸರಿದ. ಮಕ್ತುಮ್‌ಸಾಬ್ ಎದ್ದು ಬಾಗಿಲಿಗೆ ಅಡ್ಡ ನಿಂತ. ಗಿಡ್ಡಪ್ಪನ ಕಿಸೆಯಿಂದ ಪೊಟ್ಟಣ ಹೊರಬಂತು. ನಿಜವಾದ ಬಿಲ್ಲೆಯನ್ನು ಒಡೆದು ತೆಗೆದ ಮೂಗುತಿ, ಸೊಟ್ಟ ಹಲ್ಲಿನ ಸಮೇತ.

"ನನ್ನ ಮನಿಯಾಗ ಉಂಡು ನನ್ನ ಹೆಸರಿಗೇ ಮಣ್ಣು ಹಾಕಿದ್ಯಲ್ಲಣ್ಣಾ!" ಯಂಕಮ್ಮ ಬಿಕ್ಕಿದಳು. ಮಕ್ತುಮ್‌ಸಾಬನಿಗೆ ಗಾಳೆಪ್ಪನ ಕಡೆ ನೋಡಲು ನಾಚಿಕೆಯಾಯಿತು.

ಬಸ್ಸಮ್ಮ ಮೂಗುತಿಯನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಅದನ್ನು ಯಂಕಮ್ಮನ ಅಂಗೈಯಲ್ಲಿಟ್ಟಳು.

"ಮತ್ತ ಹಾಕಿಕೊಡವ್ವಾ."

"ನೀವು ಇಲ್ಲೇ ಕುಂತು ನೋಡ್ರೀ, ನಿಮ್ಮ ಕಣ್ಮುಂದ ಹೊಯ್ತೀನಿ."

"ನಾ ಯಾಕ ನೋಡ್ಲಿ? ಆದಾಗ ಕಳಸು," ಎಂದು ಬಸ್ಸಮ್ಮ ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿನ ಕಡೆ ನಡೆದಳು.