ಮೆಣಸಿನಕಾಯಿ ಗಾಡಿಯಲ್ಲಿ ಮೈಸೂರಿಗೆ

"ಎಲ್ಲಿಗೆ ಸವಾರಿ?" ಎಂದ ನಂದೀಶ್.

ಊರಿನ ರಸ್ತೆಗೆ ಅಡ್ಡಲಾಗಿ ಸಿಲ್ವರ್ ಓಕ್ ಮರ ಬಿದ್ದಿತ್ತು. ಬಿದ್ದಿತ್ತು ಎಂದರೆ ತಪ್ಪಾದೀತು; ಲಾಕ್‌ಡೌನ್ ಶುರುವಾದ ಮಾರನೆಯ ದಿನವೇ ಊರ ಹುಡುಗರು ಕಡಿದು ಉರುಳಿಸಿದ್ದರು. ಹಾಲು, ತರಕಾರಿಯ ಗಾಡಿ ಬಿಟ್ಟರೆ ನರಪಿಳ್ಳೆಯೂ ಅದನ್ನು ದಾಟುವ ಹಾಗಿರಲಿಲ್ಲ. ಆ ಕಾನೂನು ಮಾಡಿದ ಮಹಾನುಭಾವ ನಂದೀಶನೇ; ಅದೇ ಮರದ ಮೇಲೆ, ಮೂಗಿಗೆ ಟವಲ್ ಕಟ್ಟಿಕೊಂಡು, ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಮೈಸೂರಿಗೆ ಮೆಣಸಿನಕಾಯಿ ಲೋಡು ಒಯ್ಯುವವನು ತಾನೆಂದು ಮನೆಗೂ ಹೋಗದೆ ಗದ್ದೆಯ ಶೆಡ್ಡಿನಲ್ಲಿ ಮಲಗುತ್ತಿದ್ದ. ತನಗೂ ರಿಯಾಯಿತಿ ಕೊಟ್ಟುಕೊಂಡವನಲ್ಲ.

"ಮೈಸೂರಿಗೆ. ಚಿಕ್ಕಮ್ಮನ ಮನೆಗೆ," ಎಂದಳು ರಂಜಿತಾ.

ಎರಡು ಮಾಸ್ಕ್, ಮೇಲೆ ತಲೆತುಂಬ ಸುತ್ತಿದ ವೇಲು. ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ. ಲೋಕವೆಲ್ಲ ಮುಖ ಮುಚ್ಚಿಕೊಂಡು ಓಡಾಡುವ ಕಾಲ ಬಂದದ್ದು ಅವಳೊಬ್ಬಳಿಗೆ ಅನುಕೂಲವಾಗಿತ್ತು. ಆ ವೇಲಿನಡಿ ಒಂದೇ ಒಂದು ಕೂದಲಿಲ್ಲವೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಈ ಕಾಲ್ದಲ್ಲಿ ಚಿಕ್ಕಮ್ಮನ ಮನೆ?" ಅವನು ಪಕ್ಕದಲ್ಲಿ ನಿಂತಿದ್ದ ಅವಳ ತಾಯಿಯ ಕಡೆ ತಿರುಗಿದ. "ಹೋಗಿ ವಿಶಾಲಾಕ್ಷತ್ತೆ, ಬೇಡ ಅನ್ನಕಿಲ್ಲ. ಆದ್ರೆ ವಾಪಸ್ ಬಂದ್ಮೇಲೆ ಎರಡು ವಾರ ಸ್ಕೂಲಲ್ಲಿರ್ಬೇಕು. ನಮ್ಮಪ್ಪ ಬಂದ್ರೂ ಅದೇ ರೂಲ್ಸು."

ಸ್ಕೂಲಿನಲ್ಲಿ ಕೇರಳದಿಂದ, ಬೆಂಗಳೂರಿನಿಂದ ಬಂದವರು ತುಂಬಿದ್ದರು. ಎಲ್ಲರಿಗೂ ಸೇರಿ ಒಂದೇ ನಲ್ಲಿ, ಒಂದೇ ಬಚ್ಚಲು. ರಾತ್ರಿಯೆಲ್ಲ ಯಾರೋ ಕೆಮ್ಮುತ್ತಾರಂತೆ. 'ಈ ಔಷಧಿ ನಡುವೆ ಕೊರೊನಾ ಬಂದರೆ ತಡೆಯುವ ಶಕ್ತಿ ನಿಮ್ಮ ಮೈಯಲ್ಲಿಲ್ಲ' ಎಂದು ಡಾಕ್ಟರು ಹೇಳಿದ್ದು ರಂಜಿತಾಳಿಗೆ ನೆನಪಾಯಿತು.

"ಬಾ ಅವ್ವ, ಮನೆಗೆ ಹೋಗಾಣ," ಎಂದು ತಿರುಗಿದಳು.

"ಮೈಸೂರ್ನವ್ರಿಗೆ ನಂದೊಂದು ನಮಸ್ಕಾರ ಹೇಳ್ಬಿಡು," ಎಂದ ನಂದೀಶ್ ಹಿಂದಿನಿಂದ. ತಮಾಷೆಯ ಮಾತೇ. ಒಳಗೆ ಮುಳ್ಳಿತ್ತು.

ಮುಳ್ಳಿಗೆ ಕಾರಣವೂ ಇತ್ತು. ಎರಡು ವರ್ಷ ಊರ ಡೈರಿಯಲ್ಲಿ ಅವಳು ಹಾಲು ಅಳೆದಿದ್ದಳು, ಅವನು ಹಾಲು ತಂದಿದ್ದ. "ಇವತ್ತು ಎಷ್ಟು ನೀರು ಸೇರ್ಸಿದ್ದೀರಿ?" ಎಂದು ಅವಳು ಹುಬ್ಬು ಹಾರಿಸಿದರೆ, "ನೀನು ಹಂಗೆ ನೋಡಿದ್ರೆ ಹಾಲೇ ನೀರಾಯ್ತದೆ ಕಣೇ" ಎನ್ನುತ್ತಿದ್ದ. ಮಾಘದಲ್ಲಿ ಅವನ ಮನೆಯವರು ಹೂವು ಹಣ್ಣು ಹಿಡಿದು ಹೆಣ್ಣು ಕೇಳಲು ಬಂದರು. ಅದೇ ವಾರ ಅವಳ ಎಡ ಎದೆಯಲ್ಲಿ ಗಂಟು ಸಿಕ್ಕಿತ್ತು. ಅವಳು ಬೇಡವೆಂದಳು. ಯಾಕೆಂದು ಹೇಳಲಿಲ್ಲ. ಡೈರಿ ಬಿಟ್ಟಳು, ಮೈಸೂರಿಗೆ ಎರಡು ಸಲ ಹೋಗಿಬಂದಳು. ಊರಿಗೆ ಅಷ್ಟೇ ಸಾಕಾಯಿತು. ಮೈಸೂರಿನಲ್ಲಿ ಯಾರೋ ಇದ್ದಾನೆ ಎಂದು ತೀರ್ಮಾನವಾಯಿತು. ನಂದೀಶನೂ ನಂಬಿದ.

ಹೇಳಿದರೆ ಬಿಟ್ಟುಹೋಗುತ್ತಾನೆಂಬ ಭಯ ಅವಳಿಗೆ ಇದ್ದೇ ಇತ್ತು. ಬಿಡದೆ, ಅಯ್ಯೋ ಪಾಪ ಎಂದು ತಾಳಿ ಕಟ್ಟಿಬಿಟ್ಟಾನೆಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು.

ಮಾರನೆಯ ದಿನ ಆಸ್ಪತ್ರೆಯಿಂದ ಸಿಸ್ಟರ್ ಫೋನ್ ಮಾಡಿದರು. ಕ್ಯಾನ್ಸರ್ ವಾರ್ಡನ್ನು ಕೊರೊನಾಗೆ ಕೊಟ್ಟು ಇವರನ್ನು ಹಿಂದಿನ ಕಟ್ಟಡಕ್ಕೆ ಹಾಕಿದ್ದಾರಂತೆ. "ಮೂರನೇ ಕೀಮೋ ಆಗಲೇ ತಡವಾಗಿದೆ ಕಣಮ್ಮ. ಗುರುವಾರ ಬಂದುಬಿಡಿ. ಇನ್ನೂ ತಡ ಮಾಡಿದ್ರೆ ಇಷ್ಟು ದಿನ ಕೊಟ್ಟಿದ್ದೂ ನೀರಿಗೆ ಹೋಗುತ್ತೆ."

ಸ್ನಾನಕ್ಕೆ ಹೋದಾಗ ಬೆರಳು ತಾನಾಗಿ ಗಂಟಿನ ಮೇಲೆ ಹೋಯಿತು. ನೆಲ್ಲಿಕಾಯಿಯಷ್ಟಿದ್ದದ್ದು ಎರಡು ಸಲದ ಔಷಧಿಗೆ ಕಡಲೆಕಾಳಿನಷ್ಟಾಗಿತ್ತು. ಈಗ ಮತ್ತೆ ಬೆಳೆದಿದೆಯೆ? ಒತ್ತಿದಳು. ಬೆಳೆದಿದೆ ಅನ್ನಿಸಿತು. ಇನ್ನೊಮ್ಮೆ ಒತ್ತಿದಳು. ಇಲ್ಲವೆನ್ನಿಸಿತು.

ಸಂಜೆ ಹಿತ್ತಲ ಬೇಲಿಯಾಚೆ ನಂದೀಶ್ ನಿಂತಿದ್ದ. ಇವತ್ತು ಮುಖದಲ್ಲಿ ತಮಾಷೆ ಇರಲಿಲ್ಲ.

"ಒಂದೇ ಮಾತು ಕೇಳ್ತೀನಿ. ಮೈಸೂರಲ್ಲಿ ಯಾರಾದ್ರೂ ಅವ್ರಾ?"

ಇಲ್ಲವೆಂದರೆ ಮುಂದಿನ ಪ್ರಶ್ನೆ ಬರುತ್ತಿತ್ತು. "ಹೂಂ," ಎಂದಳು.

ಅವನು ಬೇಲಿಯ ಕಡ್ಡಿಯೊಂದನ್ನು ಮುರಿದ. ಅದನ್ನು ಮತ್ತೆ ಎರಡು ತುಂಡು ಮಾಡಿದ. ಆಮೇಲೆ, "ಗುರುವಾರ ನನ್ನ ಲೋಡು ಹೋಯ್ತದೆ. ಬಾ, ಬಿಟ್ಟು ಬತ್ತೀನಿ. ವಾಪಸ್ ಬಂದ್ರೆ ಸ್ಕೂಲು ಬೇಡ, ನನ್ನ ಶೆಡ್ಡಲ್ಲಿರು. ನಾನು ಗಾಡೀಲಿ ಮಲಗ್ತೀನಿ," ಎಂದ.

"ನಿಮಗ್ಯಾಕೆ ಇಷ್ಟೆಲ್ಲ ಉಸಾಬರಿ?"

"ನಿನ್ನೆ ಸ್ಕೂಲು ಅಂದಾಗ ನಿನ್ನ ಕಣ್ಣು ನೋಡ್ದೆ. ಯಾರೂ ಅಷ್ಟು ಹೆದ್ರಿದ್ದು ನಾನು ನೋಡಿಲ್ಲ." ಅವನು ತಲೆ ತಗ್ಗಿಸಿದ. "ಅವ್ನ ಕಂಡ್ರೆ ಆ ಹೆದ್ರಿಕೆ ಹೋಯ್ತದೆ ಅನ್ನೋದಾದ್ರೆ ಹೋಗ್ಲಿ."

"ಬರ್ತೀನಿ," ಎಂದವಳೇ ಒಳಗೆ ಓಡಿದಳು.

ಗುರುವಾರ ಬೆಳಗಾಗುತ್ತಲೇ ಹುಡುಗರು ಮರ ಸರಿಸಿದರು. ಗಾಡಿಯ ಮುಂದಿನ ಸೀಟಿನಲ್ಲಿ ಅವಳು ಬಾಗಿಲಿಗೆ ಅಂಟಿ ಕೂತಳು. ಇಬ್ಬರಿಗಿಂತ ಹೆಚ್ಚು ಜನರನ್ನು ಬಿಡುವುದಿಲ್ಲವೆಂದು ತಾಯಿ ಮನೆಯಲ್ಲೇ ಉಳಿದಿದ್ದರು.

ಜಿಲ್ಲೆ ಗಡಿಯ ಕೊಪ್ಪ ಗೇಟಿನಲ್ಲಿ ಪೊಲೀಸಿನವನು ಬಗ್ಗಿ ನೋಡಿದ. "ಈಯಮ್ಮ ಯಾರು?"

"ನಮ್ಮನೆಯವ್ರು ಸಾರ್. ಮೈಗೆ ಹುಷಾರಿಲ್ಲ, ಆಸ್ಪತ್ರೆಗೆ."

ಗೇಟು ದಾಟುತ್ತಲೇ ನಂದೀಶ್ ನಕ್ಕ. "ಹೆಂಗಿತ್ತು? ಒಂದೇ ಉಸ್ರಿಗೆ ಎರಡು ಸುಳ್ಳು."

ಅವಳು ಕಿಟಕಿಯಾಚೆ ನೋಡಿದಳು. ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ. ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು.

ಪಿರಿಯಾಪಟ್ಟಣ ದಾಟಿದ ಮೇಲೆ ಅವನು ಕೆಮ್ಮಿದ. ಸ್ವಲ್ಪ ದೂರ ಹೋಗಿ ಮತ್ತೆ ಕೆಮ್ಮಿದ. ಮೂರನೆಯ ಸಲ ಬಿಟ್ಟೂಬಿಡದೆ ಕೆಮ್ಮಿದಾಗ ಅವಳು ಬಾಗಿಲ ಹಿಡಿಗೆ ಕೈ ಹಾಕಿದಳು.

"ನಿಲ್ಸಿ! ಗಾಡಿ ನಿಲ್ಸಿ!"

ನಿಲ್ಲುವ ಮೊದಲೇ ಬಾಗಿಲು ತೆಗೆದು ಹಾರಿದಳು. ಹುಣಸೆಮರದವರೆಗೆ ಓಡಿ, ಅದನ್ನು ಹಿಡಿದು ನಿಂತು ಏದುಸಿರು ಬಿಟ್ಟಳು.

"ಘಾಟು ಕಣೇ! ಮೆಣಸಿನಕಾಯಿ ಘಾಟು! ಜ್ವರ ಗಿರ ಏನಿಲ್ಲ!" ಅವನು ಹತ್ತಿರ ಬರಲು ಹೋಗಿ, ಅವಳು ಹಿಂದೆ ಸರಿದದ್ದು ಕಂಡು ಅಲ್ಲೇ ನಿಂತ. "ನಾನಂದ್ರೆ ಅಷ್ಟು ಅಸಹ್ಯನಾ ನಿಂಗೆ?"

"ಅಸಹ್ಯ ಅಲ್ಲ! ನಂಗೆ ಕೊರೊನಾ ಬಂದ್ರೆ ಸತ್ತೋಯ್ತೀನಿ ನಂದೀಶ್!"

ಅವಳು ವೇಲು ಎಳೆದು ತೆಗೆದಳು. ಬೋಳುತಲೆಗೆ ಬೆಳಗಿನ ಗಾಳಿ ತಣ್ಣಗೆ ತಾಗಿತು.

"ಎದೇಲಿ ಕ್ಯಾನ್ಸರ್. ಮಾಘದಿಂದ. ಮೈಸೂರಲ್ಲಿ ಯಾರೂ ಇಲ್ಲ, ಇರೋದು ಆಸ್ಪತ್ರೆ. ಮೂರನೇ ಕೀಮೋಗೆ ಹೊಂಟಿದ್ದವಳನ್ನೇ ನೀವು ವಾಪಸ್ ಕಳ್ಸಿದ್ದು."

ನಂದೀಶ್ ನಿಂತಿದ್ದಲ್ಲೇ ರಸ್ತೆಯ ಮೇಲೆ ಕುಸಿದು ಕೂತ. "ನಂಗೊಂದು ಮಾತು ಹೇಳ್ಬಾರ್ದಿತ್ತಾ?" ಎಂದ.

"ಹೇಳಿದ್ರೆ ಪಾಪ ಅಂತ ಮದ್ವೆ ಆಗ್ತಿದ್ರಿ."

"ಆಗ್ತಿದ್ದೆ. ಪಾಪ ಅಂತಾನೋ, ಪ್ರೀತಿ ಅಂತಾನೋ, ತಕ್ಕಡಿ ಹಿಡಿದು ನೋಡ್ತಿರ್ಲಿಲ್ಲ." ಅವನು ಟವಲಿನಿಂದ ಕಣ್ಣೊರೆಸಿದ. "ಈಗ ಮಾತ್ರ ಬರೀ ಭಯ ಆಯ್ತಾ ಅದೆ."

ಎದ್ದವನು ಹಿಂದಿನ ಮೂಟೆಗಳನ್ನು ಒತ್ತರಿಸಿ, ಟಾರ್ಪಾಲ್ ಮಡಿಸಿ ಹಾಸಿ ಜಾಗ ಮಾಡಿದ. "ಇಲ್ಲಿ ಕೂತ್ಕೊ. ಗಾಳಿ ಆಡ್ತದೆ, ನನ್ನ ಉಸ್ರು ತಾಗಕಿಲ್ಲ," ಎಂದು ದೂರ ಸರಿದು ನಿಂತ. ಅವಳು ಹತ್ತಿ ಕೂತ ಮೇಲೆಯೇ ಗಾಡಿ ಹೊರಟಿತು.

ಒಂದೆರಡು ಮೈಲಿ ಹೋಗುವಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು; ಮುಂದಿನಿಂದ ನಂದೀಶ್.

"ಮೈ ಕುಲುಕ್ತದಾ?"

"ರೋಡ್ ನೋಡ್ಕೊಂಡು ಓಡ್ಸಿ."

"ರೋಡೇ ನೋಡ್ತಿದೀನಿ." ಕನ್ನಡಿಯಲ್ಲಿ ಅವನ ಕಣ್ಣು ಸಿಕ್ಕಿಬಿತ್ತು. "ನಿನ್ನ ತಲೆ ಚೆಂದ ಅದೆ ಕಣೇ. ದುಂಡಗೆ. ಇಷ್ಟು ದಿನ ಕೂದ್ಲು ಅಡ್ಡ ಇತ್ತು."

ಮಾಘದಿಂದೀಚೆಗೆ ರಂಜಿತಾ ನಕ್ಕದ್ದು ಅದೇ ಮೊದಲು. ನಗುತ್ತಲೇ ಅಳು ಬಂತು.

ಆಸ್ಪತ್ರೆಯ ಗೇಟಿನಲ್ಲಿ ಕೆಮ್ಮು ಮತ್ತೆ ಅವನನ್ನು ಬಿಡಲಿಲ್ಲ. ಕಾವಲಿನವನು ಹಾವು ಕಂಡವನಂತೆ ಹಿಂದೆ ಹಾರಿದ. ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡಿದ್ದ ಸಿಸ್ಟರ್ ರಂಜಿತಾಳನ್ನು ಕೇಳಿದರು: "ನೀವು ಇವರ ಜೊತೆ ಬಂದ್ರಾ?"

ಬೇರೆ ಗಾಡಿಯಲ್ಲಿ ಬಂದೆ ಎಂದರೆ ಒಳಗೆ ಬಿಡುತ್ತಾರೆ. ನಿಜ ಹೇಳಿದರೆ ಔಷಧಿ ಮತ್ತೆ ಮುಂದಕ್ಕೆ ಹೋಗಬಹುದು. ಆದರೆ ಒಳಗೆ ಅವಳಂಥವರೇ ಮಲಗಿದ್ದರು, ಬೋಳುತಲೆಯ ಹೆಂಗಸರು, ಒಂದು ನೆಗಡಿಗೂ ಹೆದರಿ ಬದುಕುವವರು.

"ಹೂಂ, ಇವರ ಜೊತೆ. ಅರ್ಧ ದಾರಿ ಪಕ್ಕದಲ್ಲಿ, ಅರ್ಧ ದಾರಿ ಹಿಂದುಗಡೆ," ಎಂದಳು.

ಸಿಸ್ಟರ್ ಒಳಗೆ ಹೋದರು. ಗೇಟಿನ ಕಂಬಿ ಹಿಡಿದು ಅವಳು ಗೊತ್ತಿದ್ದ ದೇವರನ್ನೆಲ್ಲ ನೆನೆದಳು. ಡಾಕ್ಟರು ಹೊರಗೆ ಬಂದರು, ಇಬ್ಬರ ಜ್ವರ ನೋಡಿಸಿದರು, ಮೂಟೆಗಳ ಹತ್ತಿರ ಹೋಗಿ ತಾವೂ ಒಮ್ಮೆ ಕೆಮ್ಮಿದರು. "ಘಾಟೇ ಇರಬಹುದು. ಆದರೂ ಇವರು ಒಳಗೆ ಬೇಡ, ಟೆಸ್ಟ್ ಮಾಡಿಸಲಿ. ನಿಮಗೂ ಟೆಸ್ಟ್ ಮಾಡ್ತೀವಿ. ನಿಮ್ಮ ಕೀಮೋ ಇನ್ನು ನಿಲ್ಲಿಸೋ ಹಾಗಿಲ್ಲ. ಬೇರೆ ಕೋಣೆಯಲ್ಲಿ ಕೊಡ್ತೀವಿ."

ಗಂಟನ್ನೂ ಮುಟ್ಟಿ ನೋಡಿದರು. "ಬೆಳೆದಿಲ್ಲ. ಕರಗಿಯೂ ಇಲ್ಲ. ನೋಡೋಣ," ಎಂದರು.

ಕೋಣೆಯಲ್ಲಿ ಒಂಟಿ ಮಂಚ. ಸೂಜಿ ಚುಚ್ಚಿ, ಬಾಟಲಿ ಹಾಕಿದರು. ಅವಳು ಇನ್ನೊಂದು ಕೈಯಲ್ಲಿ ಫೋನು ಹಚ್ಚಿದಳು.

"ಎಲ್ಲಿದ್ದೀರಿ?"

"ಕಾಂಪೌಂಡಿನಾಚೆ, ಗಾಡೀಲಿ. ಮೂಗಿಗೆ ಕಡ್ಡಿ ಹಾಕಿ ಕಣ್ಣಲ್ಲಿ ನೀರು ಬರ್ಸಿದ್ರು. ಶುರುವಾಯ್ತಾ? ಭಯ ಆಯ್ತದಾ?"

"ಆಗ್ತಿದೆ. ನಿಮಗೆ?"

"ಮೂಟೆ ಎಣಿಸ್ತಾ ಕೂತಿದೀನಿ. ಮೂರು ಸಲವೂ ಲೆಕ್ಕ ತಪ್ತು."

"ಮಾಘದಲ್ಲಿ ಕೇಳಿದ್ರಲ್ಲ, ಇನ್ನೊಂದ್ಸಲ ಕೇಳಿ," ಎಂದಳು.

"ಕೇಳಕಿಲ್ಲ. ಹೆದ್ರಿದವ್ರ ಹತ್ರ ಹೂಂ ಅನ್ನಿಸ್ಕೊಳ್ಳೋದು ನ್ಯಾಯ ಅಲ್ಲ. ನೀನು ಹುಷಾರಾಗು, ಆಮೇಲೆ ಕೇಳ್ತೀನಿ. ದಿನಾ ಕೇಳ್ತೀನಿ."

"ಹುಷಾರಾಗ್ದೇ ಹೋದ್ರೆ?"

ಅವನು ಫೋನು ದೂರ ಹಿಡಿದು ಕೆಮ್ಮಿದ್ದು ಮಾತ್ರ ಕೇಳಿಸಿತು. ಆ ಪ್ರಶ್ನೆಗೆ ಡಾಕ್ಟರ ಹತ್ತಿರವೇ ಉತ್ತರವಿಲ್ಲ, ಮೆಣಸಿನಕಾಯಿ ಮಾರುವವನ ಹತ್ತಿರ ಎಲ್ಲಿಂದ ಬರಬೇಕು? ವಾಸಿಯಾದ ಮೇಲೆ ಬದುಕಿದರಾಯಿತು ಎಂದು ಅವಳೂ ಇಷ್ಟು ದಿನ ಎಲ್ಲವನ್ನೂ ಮುಂದಕ್ಕೆ ಹಾಕಿದ್ದಳು.

"ಹಂಗಾದ್ರೆ ನಾನೇ ಕೇಳ್ತೀನಿ. ನನ್ನ ಮದ್ವೆ ಆಗ್ತೀರಾ? ಪಾಪ ಅಂತ ಆದ್ರೂ ಪರವಾಗಿಲ್ಲ."

ಬಾಟಲಿ ಸರಿಮಾಡುತ್ತಿದ್ದ ಸಿಸ್ಟರ ಕೈ ನಿಂತಿತು.

"ಆಗ್ತೀನಿ," ಎಂದ ನಂದೀಶ್. ದನಿ ಒಡೆದಿತ್ತು. "ನಮ್ಮಿಬ್ರಲ್ಲಿ ಪಾಪ ಯಾರು ಅನ್ನೋದು ನಿಧಾನಕ್ಕೆ ಜಗಳ ಆಡಾಣ."

ರಂಜಿತಾ ಕಣ್ಣು ಮುಚ್ಚಿದಳು. ಭಯ ಎಲ್ಲಿಗೂ ಹೋಗಿರಲಿಲ್ಲ. ಎದೆಯ ಮೇಲೆ ಹಾಗೇ ಕೂತಿತ್ತು. "ಫೋನ್ ಇಡ್ಬೇಡಿ," ಎಂದಳು.

ಅವನು ಇಡಲಿಲ್ಲ. ಬಾಟಲಿ ಮುಗಿಯುವವರೆಗೂ ಅವಳು ಫೋನನ್ನು ಕಿವಿಗೊತ್ತಿಕೊಂಡು, ಅವನು ಉಸಿರಾಡುವುದನ್ನೇ ಕೇಳುತ್ತಾ ಮಲಗಿದ್ದಳು.