ಗೋಡೆಯ ಆ ಕಡೆ

೨೦೨೫ರ ಫೆಬ್ರವರಿ ೧೧, ಮಂಗಳವಾರ, ಮಧ್ಯಾಹ್ನ ೩.೨೦. ಕಡಗಂಚಿಯ ಜಗದೇವಪ್ಪ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಮನೆ ರಿಪೇರಿಗೆಂದು ಕಲಬುರಗಿಯಿಂದ ತಂದಿದ್ದ ಹೊಸ ಬ್ರೇಕರ್ ಮಷಿನ್, ಅಂದರೆ ಗೋಡೆ ಒಡೆಯುವ ಹದಿನಾರು ಕಿಲೋ ತೂಕದ ಯಂತ್ರ, ಕೆಲಸದವರು ಊಟಕ್ಕೆ ಕೂತ ಅರ್ಧ ಗಂಟೆಯಲ್ಲಿ ಕಳುವಾಗಿತ್ತು. ಪಿಎಸ್‌ಐ ದೌಲತರಾಯ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಗುರುಶಾಂತನನ್ನು ಕರೆದುಕೊಂಡು ೪.೧೫ಕ್ಕೆ ಸ್ಥಳಕ್ಕೆ ಹೋದರು.

ಹಳೆಯ ಕಲ್ಲಿನ ಮನೆ, ಮೇಲೆ ತೊಲೆ ಹಾಸಿ ಮಣ್ಣು ಹೊದಿಸಿದ ಮಾಳಿಗೆ. ವಿಶ್ವವಿದ್ಯಾಲಯದ ಹುಡುಗರು ಓಡಾಡುವ ದಾರಿ ಎದುರಿಗೇ ಇತ್ತು. ಗಂಡನ ಮನೆಯಿಂದ ವಾಪಸು ಬಂದಿದ್ದ ಮಗಳು ಸೃಷ್ಟಿಗೆ ಝೆರಾಕ್ಸ್ ಅಂಗಡಿ ಹಾಕಿಕೊಡಬೇಕು, ಅದಕ್ಕಾಗಿ ಪಡಸಾಲೆ ಮತ್ತು ಅಡುಗೆಮನೆಯ ನಡುವಿನ ಗೋಡೆಯನ್ನು ಎಂಟು ಅಡಿ ತೆಗೆಯಬೇಕು ಎಂಬುದು ಯೋಜನೆ. ಯಂತ್ರವನ್ನು ಹೇಗೆ ಆರಿಸಿದಿರಿ ಎಂದು ದೌಲತರಾಯ ಕೇಳಿದರು. ಗೋಡೆ ಇಟ್ಟಿಗೆಯದೋ ಕಲ್ಲಿನದೋ ಎಂದು ಅಂಗಡಿಯವನು ವಿಚಾರಿಸಿದ್ದನಂತೆ. ಇದ್ದದ್ದರಲ್ಲಿ ದೊಡ್ಡದು ಕೊಡು ಎಂದು ಜಗದೇವಪ್ಪ ಹೇಳಿದ್ದರಂತೆ. ಗುತ್ತಿಗೆದಾರನ ಆಯ್ಕೆಯೂ ಹೆಚ್ಚುಕಡಿಮೆ ಹಾಗೆಯೇ ಆಗಿತ್ತು. ಸಂಜುಕುಮಾರ ಪುಣೆಯಲ್ಲಿ ಇಂಥ ಮಷಿನ್ ಓಡಿಸಿದ್ದ. ಯಾವ ಗೋಡೆಗೆ ಓಡಿಸಿದ್ದ ಎಂದು ಯಾರೂ ಕೇಳಿರಲಿಲ್ಲ.

ಸ್ಥಳ ಪಂಚನಾಮೆ ಮುಗಿದದ್ದು ೫.೩೦ಕ್ಕೆ. ಬೀಗ ಮುರಿದಿರಲಿಲ್ಲ. ಯಂತ್ರದ ಜೊತೆ ಅದರ ಎರಡು ಉಳಿಗಳೂ, ಒಂದು ಖಾಲಿ ಸಿಮೆಂಟ್ ಚೀಲವೂ ಕಾಣೆಯಾಗಿದ್ದವು. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಜಗದೇವಪ್ಪನವರ ಹೆಂಡತಿ ಸುಭದ್ರಾಬಾಯಿ ಏನೂ ನೋಡಿಲ್ಲ ಎಂದರು. ಹೇಳಿಕೆಗೆ ಸಹಿ ಹಾಕಿದ ಮೇಲೆ ಮಾತ್ರ ಮೆಲ್ಲಗೆ ಒಂದು ಮಾತು ಆಡಿದರು.

"ಸಾಹೇಬ್ರ, ಆ ಮಷಿನ್ ಸಿಗಲಿಲ್ಲಂದ್ರೂ ನಡೀತದ್ರಿ."

ಕೇಸು ಬೇಡ ಎನ್ನುವ ಹೆಂಗಸರನ್ನು ದೌಲತರಾಯ ಬಹಳ ಕಂಡಿದ್ದರು. ಆ ಮಾತನ್ನು ಅವರು ಬರೆಸಲಿಲ್ಲ.

ಮರುದಿನ ಗುರುಶಾಂತ ಆಳಂದದ ಗುಜರಿ ಅಂಗಡಿಗಳನ್ನೂ ಮೋಟಾರ್ ರಿಪೇರಿಯವರನ್ನೂ ಜಾಲಾಡಿ ಬರಿಗೈಲಿ ಬಂದ. ಸುಳಿವು ಸಿಕ್ಕಿದ್ದು ಬಸ್ಸಿನಲ್ಲಿ. ಮಂಗಳವಾರ ೨.೧೦ಕ್ಕೆ ಕಡಗಂಚಿಯಲ್ಲಿ ಹತ್ತಿದ ಮುದುಕನೊಬ್ಬ ಸಿಮೆಂಟ್ ಚೀಲಕ್ಕೆ ತಾನಾಗಿಯೇ ಲಗೇಜ್ ಟಿಕೆಟ್ ಕೇಳಿ ಪಡೆದಿದ್ದ. ಲಗೇಜಿಗೆ ಟಿಕೆಟ್ ಕೇಳುವವರು ಅಪರೂಪ, ಹಾಗಾಗಿ ಕಂಡಕ್ಟರಿಗೆ ಮುಖ ನೆನಪಿತ್ತು. ಆ ಮುಖ ಗೊಬ್ಬೂರಿನಲ್ಲಿ ಗೋಡೆ ಕಟ್ಟುವ ಗೌಂಡಿ ಕರೀಮಸಾಬನದು. ಜಗದೇವಪ್ಪನ ಮನೆಯಲ್ಲಿ ನೆಲದ ಫರಸಿ ಕಲ್ಲು ಎಬ್ಬಿಸುವ ಕೆಲಸಕ್ಕೆ ಆತ ನಾಲ್ಕು ದಿನದಿಂದ ಬರುತ್ತಿದ್ದ.

ಫೆಬ್ರವರಿ ೧೩, ಬೆಳಿಗ್ಗೆ ೮.೪೦. ಗೊಬ್ಬೂರಿನ ಮನೆಯಲ್ಲಿ ಯಂತ್ರ ಮಂಚದ ಕೆಳಗೇ ಇತ್ತು. ಒರೆಸಿ, ಪ್ಲಾಸ್ಟಿಕ್ ಹಾಳೆ ಸುತ್ತಿ ಇಟ್ಟಿದ್ದ. ಪಂಚರ ಎದುರು ಜಪ್ತಿ ಪಂಚನಾಮೆ ಮಾಡಿ ಆತನನ್ನು ಠಾಣೆಗೆ ತಂದರು.

"ಯಾರಿಗೆ ಮಾರಾಂವ ಇದ್ದಿ?"

"ಮಾರಾಂವ ಅಲ್ರಿ."

"ಮತ್ತ ಯಾಕ ಒಯ್ದಿ?"

"ಗೋಡಿ ಬೀಳ್ತದ್ರಿ ಸಾಹೇಬ್ರ. ಆ ಕಡಿ ಒಂದು ಕಲ್ಲು, ಈ ಕಡಿ ಒಂದು ಕಲ್ಲು, ನಡುವ ಬರೀ ಮಣ್ಣು. ಮಷಿನ್ ಹಚ್ಚಿದ್ರ ಮಣ್ಣು ಜಾರ್ತದ, ಮ್ಯಾಲಿನ ಮಾಳಿಗಿ ಕೂಡೇ ಬರ್ತದ."

"ನಿನಗ ಹ್ಯಾಂಗ ಗೊತ್ತು?"

"ನೋಡೇನ್ರಿ."

ಈ ಕೆಲಸಕ್ಕೆ ಮೊದಲು ಕರೆದದ್ದು ತನ್ನನ್ನೇ ಎಂದೂ ಆತ ಹೇಳಿದ. ಸುತ್ತಿಗೆಯಿಂದ ಗೋಡೆ ಬಡಿದು ಕೇಳಿ, ಮಾಳಿಗೆಗೆ ಆಸರೆಯ ಕಂಬ ಕೊಟ್ಟು ಒಂದೊಂದೇ ಕಲ್ಲು ಬಿಡಿಸಬೇಕು, ಇಪ್ಪತ್ತು ದಿನ ಬೇಕು ಎಂದಿದ್ದನಂತೆ. ಸಂಜುಕುಮಾರ ಎರಡೇ ದಿನ ಎಂದಿದ್ದ. ಕೆಲಸ ಕಳೆದುಕೊಂಡವನ ಹೊಟ್ಟೆಕಿಚ್ಚು ಎಂದುಕೊಂಡರು ದೌಲತರಾಯ. ರಿಮ್ಯಾಂಡ್ ಅರ್ಜಿಯಲ್ಲಿ, ಪ್ರತಿ ಕಳವು ಕೇಸಿನಲ್ಲೂ ಬರೆಯುವ ಹಾಗೆ, 'ಸುಲಭವಾಗಿ ಹಣ ಗಳಿಸುವ ದುರುದ್ದೇಶದಿಂದ' ಎಂದು ಬರೆಸಿ ಸಹಿ ಹಾಕಿದರು.

ಹತ್ತು ದಿನದಲ್ಲಿ ಕರೀಮಸಾಬನಿಗೆ ಜಾಮೀನು ಸಿಕ್ಕಿತು. ಎರಡು ಷರತ್ತು: ದೂರುದಾರರನ್ನಾಗಲಿ ಅವರ ಮನೆಯವರನ್ನಾಗಲಿ ಸಂಪರ್ಕಿಸಕೂಡದು, ಕಡಗಂಚಿ ಊರೊಳಗೆ ಕಾಲಿಡಕೂಡದು. ಮಾರ್ಚ್ ೪ರಂದು ಯಂತ್ರವನ್ನು ದೂರುದಾರರ ಸುಪರ್ದಿಗೆ ಕೊಡಲು ನ್ಯಾಯಾಲಯದ ಆದೇಶ ಬಂತು. ಬಾಂಡಿಗೆ ಜಗದೇವಪ್ಪನ ಸಹಿ ಹಾಕಿಸಿಕೊಳ್ಳುವಾಗ ದೌಲತರಾಯರಿಗೆ ಮನಸ್ಸು ತಡೆಯಲಿಲ್ಲ. ಗೋಡೆ ಬೀಳುತ್ತದೆ ಅಂತಾನೆ ಆ ಮುದುಕ, ಇನ್ನೊಬ್ಬ ಗೌಂಡಿಗೆ ಒಮ್ಮೆ ತೋರಿಸಿ ಎಂದರು. ಜಗದೇವಪ್ಪ ನಕ್ಕುಬಿಟ್ಟರು.

"ಕಳ್ಳನ ಮಾತು ಕೇಳಬೇಕೇನ್ರಿ ಸಾಹೇಬ್ರ?"

ಅಲ್ಲಿಗೆ ಮಾತು ಮುಗಿಯಿತು. ಕಳ್ಳ ಎಂದು ಬರೆದವರು ದೌಲತರಾಯರೇ ಆಗಿದ್ದರು. ಕರೀಮಸಾಬ ಯಂತ್ರ ಮುಟ್ಟದೆ ಇದ್ದಿದ್ದರೆ ಅವನ ಮಾತಿಗೆ ಒಂದಿಷ್ಟಾದರೂ ತೂಕ ಇರುತ್ತಿತ್ತೋ ಏನೋ.

ಮಾರ್ಚ್ ೬, ಗುರುವಾರ, ಬೆಳಿಗ್ಗೆ ೧೦.೫೫ಕ್ಕೆ ಠಾಣೆಗೆ ಫೋನ್ ಬಂತು. ದೌಲತರಾಯ ಕಡಗಂಚಿ ತಲುಪುವಷ್ಟರಲ್ಲಿ ಊರವರು ಬಿದ್ದ ಗೋಡೆಯ ಮಣ್ಣು ತೆಗೆದಿದ್ದರು. ಸಂಜುಕುಮಾರ ಪಡಸಾಲೆಯ ಬಾಗಿಲಿನಿಂದ ಹಾರಿ ಪಾರಾಗಿದ್ದ. ಸೃಷ್ಟಿ ಅಂಗಡಿಯ ಬೋರ್ಡ್ ಬರೆಸಲು ಆಳಂದಕ್ಕೆ ಹೋಗಿದ್ದಳು. ಸುಭದ್ರಾಬಾಯಿಯವರ ಮೇಲೆ ಮಾಳಿಗೆಯ ತೊಲೆ ಕೂತಿತ್ತು. ಕೊಣಮಿಗೆಯಲ್ಲಿ ಕಲಸಿದ ಹಿಟ್ಟು ಹಾಗೇ ಇತ್ತು. ದೌಲತರಾಯ ಪಂಚರನ್ನು ಕರೆಸಿದರು. ಆಮೇಲೆ ಶವದ ಪಂಚನಾಮೆಗೆ ಕೂತರು. ಜಗದೇವಪ್ಪ ಎರಡನೇ ದೂರಿಗೆ ಸಹಿ ಮಾಡಿದರು, ಏನು ಬರೆದಿದೆ ಎಂದು ಓದಲಿಲ್ಲ.

ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಆರೋಪದ ಮೇಲೆ ಸಂಜುಕುಮಾರನನ್ನು ಅಂದು ಸಂಜೆ ೫.೪೫ಕ್ಕೆ ದಸ್ತಗಿರಿ ಮಾಡಲಾಯಿತು. ಪುಣೆಯಲ್ಲಿ ಅವನು ಒಡೆದದ್ದು ಫ್ಲ್ಯಾಟುಗಳ ಬಚ್ಚಲುಮನೆ ಟೈಲ್ಸು, ಒಂದು ಇಟ್ಟಿಗೆ ದಪ್ಪದ ಗೋಡೆ, ಅಷ್ಟೇ. ಹಿಂದೆಂದೂ ಕಲ್ಲಿನ ಗೋಡೆಗೆ ಕೈ ಹಾಕಿರಲಿಲ್ಲ.

"ಅವರನ್ನ ಅಡಗಿಮನಿಯಿಂದ ಯಾಕ ಹೊರಗ ಕಳಸಲಿಲ್ಲ?"

"ಗೋಡಿ ಈ ಕಡೀಗೇ ಬೀಳ್ತದ, ನೀವು ಅಡಗಿ ಮಾಡ್ಕೋತ ಇರ್ರಿ ಅಂದಿದ್ನಿರಿ." ಸಂಜುಕುಮಾರ ತಾನೇ ಮುಂದುವರಿಸಿದ. "ಗೊತ್ತಿಲ್ಲ ಅಂದಿದ್ರ ಕೆಲಸ ಕೊಡ್ತಿದ್ದಿಲ್ರಿ ಯಾರೂ."

ಕಡಗಂಚಿಯಿಂದ ಹೊರಟ ಜೀಪು ಊರ ಹೆಸರಿನ ಫಲಕ ದಾಟಿದ ಕೂಡಲೇ ಗುರುಶಾಂತ ಬ್ರೇಕ್ ಒತ್ತಿದ. ಫಲಕದ ಆಚೆ, ರಸ್ತೆ ಬದಿಯಲ್ಲಿ, ಕರೀಮಸಾಬ ನಿಂತಿದ್ದ. ಸುದ್ದಿ ಕೇಳಿ ಗೊಬ್ಬೂರಿನಿಂದ ಬಂದಿದ್ದ. ದೌಲತರಾಯ ಇಳಿದರು. ಗೋಡೆ ಬಿದ್ದ ಬಗೆಗೆ ತಿಳಿದವರೊಬ್ಬರ ಅಭಿಪ್ರಾಯ ಬರೆಸಬೇಕಿತ್ತು; ಮಧ್ಯಾಹ್ನದಿಂದ ಯಾರನ್ನು ಕೇಳಿದರೂ ಹೇಳಿದ್ದು ಒಂದೇ ಹೆಸರು.

"ಕರೀಮಸಾಬ್, ಒಮ್ಮಿ ಬಂದು ನೋಡ್ರಿ."

ಮುದುಕ ಕದಲಲಿಲ್ಲ. "ಅಕ್ಕಾರು ಗೋಡಿ ಆ ಕಡಿ ಇದ್ರೇನ್ರಿ?"

"ಹೌದು."

"ನನ್ನ ತಮ್ಮ ಯಾಸೀನನೂ ಆ ಕಡೀನೇ ಇದ್ದ. ಜೇವರ್ಗಿಯೊಳಗ, ಹನ್ನೆರಡು ವರ್ಷ ಆತು. ಈ ಕಡಿ ಮಷಿನ್ ಹಿಡಕೊಂಡಾಂವ ನಾನೇ ಇದ್ನಿರಿ."

ಬರ್ರಿ ಎಂದು ದೌಲತರಾಯ ಇನ್ನೊಮ್ಮೆ ಕರೆದರು. ಕರೀಮಸಾಬ ತನ್ನ ಕಾಲಿನ ಕಡೆಗೆ, ಆಮೇಲೆ ಫಲಕದ ಕಡೆಗೆ ನೋಡಿದ.

"ಕೋರ್ಟಿನ ಹುಕುಂ ಅದರಿ ಸಾಹೇಬ್ರ. ಊರಾಗ ಕಾಲಿಡಂಗಿಲ್ಲ."